ನಿಂತ ವ್ಯಾನಿನಲ್ಲಿ ಕೂತರೆ ಸೈಕಲ್ ಪ್ರವಾಸ ಕೆಡುತ್ತದೆಯೇ?

ಡೊಂಬಿವಲಿ ಎಂಐಡಿಸಿ

ಸೈಕಲ್ ತುಳಿದು ಬಯಲು ದಾಟುವುದಕ್ಕೆ ತರ್ಕಕ್ಕೆ ನಿಲ್ಲುವಂಥ ಒಂದೇ ಒಂದು ಕಾರಣವೂ ಇಲ್ಲ. ಇದನ್ನು ಹೊರಡುವ ಮೊದಲೂ ಹೇಳಿದ್ದೆ, ಬಂದ ಮೇಲೂ ಹೇಳುತ್ತಿದ್ದೇನೆ. ನಡುವೆ ಕಜಾಕಸ್ತಾನದ ಹುಲ್ಲುಬಯಲಿನಲ್ಲಿ ಮೂಗಿನೊಳಗೆ ಧೂಳು, ಬೂಟಿನೊಳಗೆ ಆಲಿಕಲ್ಲು ತುಂಬಿಕೊಂಡಿದ್ದಾಗ ಮಾತ್ರ ಹೇಳಲಿಲ್ಲ. ಬಾಯಿ ತೆರೆದರೆ ಗಾಳಿ ನುಗ್ಗುತ್ತಿತ್ತು.

ಕಾಲೇಜಿನ ದಿನಗಳನ್ನೆಲ್ಲ ನಾನು ಚರ್ಚಾಸ್ಪರ್ಧೆಗಳಲ್ಲಿ ಕಳೆದವಳು. ಪರ ಬೇಕೆಂದರೆ ಪರ, ವಿರೋಧ ಬೇಕೆಂದರೆ ವಿರೋಧ. ಚೀಟಿ ಎತ್ತಿದ ಮೇಲೆಯೇ ನನಗೆ ಅಭಿಪ್ರಾಯ ಹುಟ್ಟುತ್ತಿದ್ದದ್ದು. ಈಗ ಕೆಲಸ ಮಾಡುವ ರಬಾಳೆಯ ಆಫೀಸಿನಲ್ಲಿ ಎಷ್ಟು ವಾದಿಸಿದರೂ ಯಾರೂ ಕಪ್ ಕೊಡುವುದಿಲ್ಲ. ಹಾಗಾಗಿ ವಾದಕ್ಕೆ ಜನ ಸಿಗುತ್ತಾರೆಂದು ಭಾನುವಾರದ ಸೈಕಲ್ ಗುಂಪು ಸೇರಿದೆ.

ಗುಂಪಿನ ಮುಖಂಡರು ಶೆಟ್ಟಿ ಅಂಕಲ್. ನಮ್ಮ ಡೊಂಬಿವಲಿಯ ಕೈಗಾರಿಕಾ ಪ್ರದೇಶವಾದ ಎಂಐಡಿಸಿಯ ಒಂದು ಕೆಮಿಕಲ್ ಕಾರ್ಖಾನೆಯಲ್ಲಿ ಸೇಫ್ಟಿ ಆಫೀಸರ್ ಆಗಿದ್ದು ನಿವೃತ್ತರಾದವರು. ನಿವೃತ್ತಿಯ ದಿನ ಎಲ್ಲವನ್ನೂ ವಾಪಸು ಕೊಟ್ಟರಂತೆ, ಸೀಟಿಯೊಂದನ್ನು ಬಿಟ್ಟು. ಭಾನುವಾರ ಬೆಳಿಗ್ಗೆ ಕಾರ್ಖಾನೆಗಳ ನಡುವಿನ ಖಾಲಿ ರಸ್ತೆಯಲ್ಲಿ ನಾವು ಮೂಗು ಮುಚ್ಚಿಕೊಂಡು ತುಳಿಯುತ್ತಿದ್ದರೆ ಅವರು ಗಾಳಿಯನ್ನು ಮೂಸಿ, ಇವತ್ತು ಯಾವ ಕೆಮಿಕಲ್ಲು ಎಂದು ಹೆಸರು ಹಿಡಿದು ಹೇಳುತ್ತಾರೆ. ಎರಡನೆಯವನು ಚಿನ್ಮಯ. ಮೈಸೂರಿನವನು, ಐರೋಲಿಯಲ್ಲಿ ಐಟಿ ಕೆಲಸ. ಆಕಾಶದಲ್ಲಿ ಏನಿದೆ ಎಂದು ಕೇಳಿದರೆ ಫೋನ್ ನೋಡಿ ಹೇಳುವ ಜಾತಿ. ಮೂರನೆಯವರು ನಾಗವೇಣಿ ಕಾಕು. ಕಲ್ಯಾಣದಲ್ಲಿ ಅವರ ಮನೆಯವರದು ಸೀರೆ ಅಂಗಡಿ. ತವರು ಗದಗ. ಸೈಕಲ್ ಕಲಿತದ್ದೇ ಐವತ್ತು ದಾಟಿದ ಮೇಲೆ, ಅದೂ ಎಂಐಡಿಸಿ ರಸ್ತೆಯಲ್ಲಿ, ಶೆಟ್ಟಿ ಅಂಕಲ್ ಸೀಟಿಯ ತಾಳಕ್ಕೆ.

ಅಲ್ಮಾಟಿಯಿಂದ ಬಾಲ್ಖಶ್ ಎಂಬ ಸರೋವರದವರೆಗೆ ಹೋಗುವುದೆಂದು ಶೆಟ್ಟಿ ಅಂಕಲ್ ಘೋಷಿಸಿದಾಗ ನಾನು ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿದೆ: ಯಾಕೆ? ಅಂಕಲ್ ಆರೋಗ್ಯ ಎಂದರು. ಚಿನ್ಮಯ ಅನುಭವ ಎಂದ. ಇಬ್ಬರನ್ನೂ ನಾನು ಎರಡೆರಡು ವಾಕ್ಯಗಳಲ್ಲಿ ಮುಗಿಸಿದೆ. ಕಾಕು ಮಾತ್ರ ಹೆಲ್ಮೆಟ್ ಪಟ್ಟಿ ಬಿಚ್ಚುತ್ತ ಹೇಳಿದರು:

"ಸ್ವಾತಿ, ನಾ ಹುಟ್ಟಿದಾಗಿಂದ ಎಲ್ಲಿಗೆ ಹೋದ್ರೂ ಯಾರರ ಕರ್ಕೊಂಡ್ ಹೋಗ್ಯಾರ. ಸ್ಕೂಟರ್ ಹಿಂದ, ಕಾರಿನ್ಯಾಗ ಹಿಂದ, ಟೂರಿನ ಬಸ್ಸಿನ್ಯಾಗ ಅವರು ಹೇಳಿದ ಸೀಟಿನ್ಯಾಗ. ಒಂದs ಒಂದು ಊರಿಗೆ ನಾನs ಹೋಗಬೇಕಂತ ಆಸೆ. ಅಲ್ಲೀತನಾ ಒಂದು ಮಾರು ದಾರೀನೂ ಯಾರೂ ಕರ್ಕೊಂಡ್ ಹೋಗಬಾರದು."

ಇದಕ್ಕೆ ನನ್ನ ಬಳಿ ಖಂಡನೆ ಇತ್ತು. ವಿಮಾನದಲ್ಲಿ ಪೈಲಟ್ ಕರೆದುಕೊಂಡು ಹೋಗುವುದಿಲ್ಲವೇ? ಹೇಳಿದೆ ಕೂಡ. ಅಲ್ಮಾಟಿಯಿಂದ ಲೆಕ್ಕ ಹಿಡಿ ಎಂದು ಕಾಕು ನಕ್ಕರು.

ಅವರ ಯಜಮಾನರು, ಅಂದರೆ ನಮಗೆಲ್ಲ ಕಾಕಾ, ಬಹಳ ಒಳ್ಳೆಯ ಮನುಷ್ಯ. ನಮ್ಮ ಸಾಮಾನು ಹೊರಲು ಜೊತೆಗೊಂದು ವ್ಯಾನ್ ಬರುತ್ತದೆ ಎಂದು ತಿಳಿದ ದಿನವೇ ಹೆಂಡತಿಗೆ ಕುತ್ತಿಗೆಗೆ ಹಾಕಿಕೊಳ್ಳುವ ದಿಂಬು ಕೊಂಡುತಂದರು. ವಿಮಾನ ನಿಲ್ದಾಣದಲ್ಲಿ ನನ್ನನ್ನು ಪಕ್ಕಕ್ಕೆ ಕರೆದು, ಅವಳು ವ್ಯಾನಿನಲ್ಲಿ ಕಿಟಕಿ ಪಕ್ಕ ಕೂರುವ ಹಾಗೆ ನೋಡಿಕೊ ಎಂದರು.

ಅಲ್ಮಾಟಿ

ವ್ಯಾನಿನ ಚಾಲಕ ಯೆರ್ಲಾನ್ ಮೂವತ್ತರ ಆಸುಪಾಸಿನ ಗಟ್ಟಿಮುಟ್ಟು ಮನುಷ್ಯ. ನಮಗೆ ಅವನ ಭಾಷೆ ಬರದು, ಅವನಿಗೆ ನಮ್ಮದು ಬರದು. ನಡುವೆ ಅವನ ಫೋನು. ಅವನು ಅದಕ್ಕೆ ಏನೋ ಹೇಳುತ್ತಾನೆ, ಅದು ದೂರದರ್ಶನದ ವಾರ್ತಾವಾಚಕಿಯ ಗಾಂಭೀರ್ಯದಲ್ಲಿ ಹಿಂದಿ ಮಾತಾಡುತ್ತದೆ. ಅವನು ಹೇಳಿಸಿದ ಮೊದಲ ಮಾತೇ, ನಿಮಗೆ ಕಷ್ಟವಾಗಲು ನಾನು ಬಿಡುವುದಿಲ್ಲ ಎಂದು. ಆಗ ನಮಗೆ ಅದು ಶಿಷ್ಟಾಚಾರದ ಮಾತೆನಿಸಿತು. ಎಚ್ಚರಿಕೆ ಎಂದು ತಿಳಿಯಬೇಕಿತ್ತು.

ಊರಿನ ರಸ್ತೆಗಳಲ್ಲಿ ವಾಹನಗಳು ನಮ್ಮನ್ನು ಕಂಡ ಕೂಡಲೇ ನಿಲ್ಲುತ್ತಿದ್ದವು. ಇದು ನಮಗೆ ಬಹಳ ತೊಂದರೆ ಕೊಟ್ಟಿತು. ಕಲ್ಯಾಣ–ಶಿಳ್ ರಸ್ತೆಯಲ್ಲಿ ಪಳಗಿದವರಿಗೆ ಕಾರು ನಿಂತರೆ ಅದು ಯಾವ ಕಡೆಯಿಂದ ನುಗ್ಗಲು ಹೊಂಚು ಹಾಕಿದೆ ಎಂದು ಸಂಶಯ. ಅವರು ನಮಗಾಗಿ ಕಾಯುವುದು, ನಾವು ಅವರಿಗಾಗಿ ಕಾಯುವುದು. ಒಂದು ಚೌಕದಲ್ಲಿ ಹೀಗೆ ಎರಡೂ ಕಡೆಯವರು ಬಹಳ ಹೊತ್ತು ಪರಸ್ಪರ ಸೌಜನ್ಯಕ್ಕೆ ಸಿಕ್ಕಿಕೊಂಡೆವು. ಕೊನೆಗೆ ಶೆಟ್ಟಿ ಅಂಕಲ್ ನಡುರಸ್ತೆಯಲ್ಲಿ ನಿಂತು ಸೀಟಿ ಊದಿ ಕಜಾಕ್ ಕಾರುಗಳನ್ನು ಮುಂದೆ ಕಳಿಸಿದರು. ಅವೂ ವಿಧೇಯವಾಗಿ ಹೋದವು.

ಬಯಲು

ಊರು ಮುಗಿದ ಮೇಲೆ ಏನೂ ಇಲ್ಲ. ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ. ಮುಂಬ್ರಾದಲ್ಲಿ ಬೆಳೆದ ಗೆಳತಿಯೊಬ್ಬಳು, ಕಿಟಕಿ ತೆರೆದರೆ ಪಕ್ಕದ ಮನೆಯ ಕುಕ್ಕರ್ ಸೀಟಿ ನಮ್ಮ ಮನೆಯದೇ ಅನಿಸುತ್ತದೆ ಎನ್ನುತ್ತಿದ್ದಳು. ಅವಳನ್ನು ಇಲ್ಲಿ ತಂದು ನಿಲ್ಲಿಸಿದರೆ ಅಳುತ್ತಿದ್ದಳೇನೋ. ಹುಲ್ಲು, ರಸ್ತೆ, ಆಕಾಶ; ಅದರಲ್ಲೂ ಮುಕ್ಕಾಲು ಪಾಲು ಆಕಾಶವೇ. ಅಲ್ಲಲ್ಲಿ ಕುದುರೆಗಳು ಆಫೀಸಿಗೆ ರಜೆ ಹಾಕಿದವರ ಹಾಗೆ ನಿಂತಿದ್ದವು.

ಮತ್ತು ಗಾಳಿ. ಅದು ಎದುರಿನಿಂದಲೇ ಬರುತ್ತಿತ್ತು, ಯಾವ ಕಡೆ ತಿರುಗಿದರೂ. ಚಿನ್ಮಯನ ಫೋನು ಮಂದಮಾರುತ ಎಂದು ತೋರಿಸುತ್ತಿತ್ತು.

ಇಂಥ ಗಾಳಿಯಲ್ಲಿ ಒಬ್ಬರ ಹಿಂದೊಬ್ಬರು ಸಾಲಾಗಿ ಹೋಗಬೇಕು. ಮುಂದಿನವರು ಗಾಳಿಗೆ ಎದೆ ಕೊಡುತ್ತಾರೆ, ಹಿಂದಿನವರು ಅವರ ನೆರಳಲ್ಲಿ ಆರಾಮಾಗಿ ತುಳಿಯುತ್ತಾರೆ. ಸರದಿ ಯಾವಾಗ ಬದಲಾಗಬೇಕು ಎಂಬುದರಲ್ಲೇ ಜಗಳ. ಚಿನ್ಮಯ ತನ್ನ ಕೈಗಡಿಯಾರದ ಎದೆಬಡಿತದ ಅಂಕಿ ನೋಡಿ ನಿರ್ಧರಿಸೋಣ ಎಂದ. ಅವನ ಅಂಕಿ ಯಾವಾಗಲೂ ಅವನೇ ಹಿಂದೆ ಬರಬೇಕೆಂದು ಹೇಳುತ್ತಿತ್ತು. ಆಗ ಕಾಕು ನಮ್ಮ ಲೋಕಲ್ ಟ್ರೇನಿನ ಕಾನೂನು ತಂದರು. ಕಲ್ಯಾಣದಿಂದ ಕೂತು ಬಂದವರು ಠಾಣೆ ಸ್ಟೇಷನ್ನಿನಲ್ಲಿ ಎದ್ದು, ನಿಂತವರಿಗೆ ಜಾಗ ಕೊಡುತ್ತಾರಲ್ಲ, ಮಹಿಳಾ ಡಬ್ಬಿಯಲ್ಲಿ ಒಂದೇ ಗುಂಪಿನವರು ವರ್ಷಗಟ್ಟಲೆ ಪಾಲಿಸುವ ಆ ಕಟ್ಟಳೆ. ರಸ್ತೆಬದಿಯ ಕಿಲೋಮೀಟರ್ ಕಲ್ಲುಗಳಿಗೆ ಸ್ಟೇಷನ್ ಹೆಸರಿಟ್ಟೆವು. ಠಾಕುರ್ಲಿ, ಡೊಂಬಿವಲಿ, ಕೋಪರ್, ದಿವಾ, ಮುಂಬ್ರಾ, ಕಳವಾ. ಠಾಣೆ ಬಂದರೆ ಮುಂದಿದ್ದವರು ಹಿಂದಕ್ಕೆ.

ದಿವಾ ದಾಟುವಷ್ಟರಲ್ಲಿ ಚಿನ್ಮಯ ಠಾಣೆ ಬಂತು ಎಂದು ಕೂಗುತ್ತಿದ್ದ. ಠಾಣೆಗೆ ಮೊದಲು ಸಿಗುವ ಸುರಂಗವೇ ಇನ್ನೂ ಬಂದಿಲ್ಲ ಎಂದು ನಾವು ತಳ್ಳಿಹಾಕುತ್ತಿದ್ದೆವು.

ಅಪಾ ಮನೆ

ಒಂದು ಸಂಜೆ ತಂಗಿದ್ದು ಯೆರ್ಲಾನನ ಪರಿಚಯದ ಅಜ್ಜಿಯ ಮನೆಯಲ್ಲಿ. ಅಲ್ಲಿ ಹಿರಿಯ ಹೆಂಗಸನ್ನು ಅಪಾ ಎನ್ನುತ್ತಾರೆ. ಅಪಾ ಚಹಾ ಕೊಟ್ಟರು, ಬಟ್ಟಲಿನ ತಳದಲ್ಲಿ ಒಂದು ಗುಟುಕು. ಅರ್ಧ ಲೋಟದ ಕಟಿಂಗ್ ಚಹಾ ಕುಡಿದು ಬೆಳೆದ ನನಗೂ ಅದು ಅವಮಾನದಂತೆ ಕಂಡಿತು. ಕುಡಿದ ಕೂಡಲೇ ಮತ್ತೆ ಒಂದು ಗುಟುಕು. ಮತ್ತೆ. ಕಾರಣವನ್ನು ಯೆರ್ಲಾನನ ಫೋನು ವಿವರಿಸಿತು: ಸ್ವಲ್ಪ ಸ್ವಲ್ಪ ಹಾಕಿದರೆ ನೀವು ಮತ್ತೆ ಮತ್ತೆ ಕೇಳಬೇಕು, ಇನ್ನಷ್ಟು ಹೊತ್ತು ಕೂರಬೇಕು ಎಂದರ್ಥ. ಬಟ್ಟಲು ತುಂಬಿಸಿ ಕೊಟ್ಟರೆ, ಕುಡಿದು ಹೊರಡಿ ಎಂದರ್ಥ. ನಮ್ಮ ಸೊಸೈಟಿಯ ಸೆಕ್ರೆಟರಿ ನಾನು ಹೋದಾಗಲೆಲ್ಲ ದೊಡ್ಡ ಮಗ್ ತುಂಬ ಚಹಾ ಕೊಡುತ್ತಾರೆ. ಈಗ ಅರ್ಥವಾಯಿತು.

ಊಟಕ್ಕೆ ಕುದುರೆ ಮಾಂಸ ಬಂತು. ಶೆಟ್ಟಿ ಅಂಕಲ್ ಸೇಫ್ಟಿ ಪರೀಕ್ಷೆಯ ಹೆಸರಿನಲ್ಲಿ ಎರಡು ಸಲ ಹಾಕಿಸಿಕೊಂಡರು. ಕಾಕು ಶಾಕಾಹಾರಿ, ಅವರಿಗೆ ಎಣ್ಣೆಯಲ್ಲಿ ಕರಿದ ಉಬ್ಬಿದ ಹಿಟ್ಟಿನುಂಡೆಗಳನ್ನು ಕೊಟ್ಟರು. ಕಾಕು ಚೀಲದಿಂದ ಶೇಂಗಾ ಚಟ್ನಿಪುಡಿ ತೆಗೆದು ಅದರ ಮೇಲೆ ಉದುರಿಸಿಕೊಂಡು, ಅಪಾ ಕಡೆಗೂ ಡಬ್ಬಿ ಸರಿಸಿದರು. ಅಪಾ ಬೆರಳಲ್ಲಿ ಅದ್ದಿ ನೆಕ್ಕಿ, ಕಣ್ಣಲ್ಲಿ ನೀರು ತುಂಬಿಕೊಂಡು, ಇನ್ನಷ್ಟು ಕೇಳಿದರು. ಆಮೇಲೆ ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಮೊಣಕಾಲು ತೋರಿಸಿಕೊಂಡು ಮಾತಾಡಿದರು. ಫೋನಿನ ಹಿಂದಿ ವಾಚಕಿಯನ್ನು ಇಬ್ಬರೂ ಕರೆಯಲಿಲ್ಲ.

ನೀಲಿ ಬಸ್ ಸ್ಟಾಪು

ಮರುದಿನ ಮಧ್ಯಾಹ್ನ ಆಕಾಶದ ಒಂದು ಮೂಲೆ ಬದನೆಕಾಯಿ ಬಣ್ಣಕ್ಕೆ ತಿರುಗಿತು. ಹನಿ ಮಳೆ ಎಂದು ಚಿನ್ಮಯನ ಫೋನು ಹೇಳಿತು. ಮೊದಲ ಆಲಿಕಲ್ಲು ಬಿದ್ದದ್ದು ಆ ಫೋನಿನ ಮೇಲೆಯೇ.

ಸುತ್ತ ಮೈಲುಗಟ್ಟಲೆ ನಮಗಿಂತ ಎತ್ತರದ್ದು ಒಂದೇ ಒಂದು: ನೀಲಿ ಗಾಜಿನ ಚೂರುಗಳಿಂದ ಮೀನಿನ ಚಿತ್ರ ಮಾಡಿದ್ದ ಹಳೆಯ ಬಸ್ ಸ್ಟಾಪು. ಬಸ್ಸು ನಿಂತು ಯಾವ ಕಾಲವಾಯಿತೋ, ಮುಂದೆ ಗೋಡೆಯಿಲ್ಲ, ಚಾವಣಿ ಅರ್ಧವಿಲ್ಲ. ಮಿಂಚು ನೆಲಕ್ಕೆ ಇಳಿಯುವುದನ್ನು ನಾನು ಮೊದಲ ಸಲ ಬೇರಿನಿಂದ ತುದಿಯವರೆಗೆ ಪೂರ್ತಿ ಕಂಡೆ. ಯೆರ್ಲಾನ್ ವ್ಯಾನನ್ನು ಪಕ್ಕಕ್ಕೆ ತಂದು ಬಾಗಿಲು ತೆರೆದ. ಶೆಟ್ಟಿ ಅಂಕಲ್ ಸೀಟಿ ಊದಿ ಎಲ್ಲರೂ ಒಳಗೆ ಎಂದರು. ಸೈಕಲ್‌ಗಳು ಗಾಳಿಗೆ ಹಾರಿಹೋಗದಂತೆ ಯೆರ್ಲಾನ್ ಅವನ್ನೂ ಹಿಂಬದಿಗೆ ಏರಿಸಿ ಬಿಗಿದ.

ಕಾಕು ಹತ್ತಲಿಲ್ಲ. ಬಸ್ ಸ್ಟಾಪಿನ ಮೀನಿಗೆ ಬೆನ್ನು ಕೊಟ್ಟು ನಿಂತುಬಿಟ್ಟರು. ಆಲಿಕಲ್ಲು ಹೆಲ್ಮೆಟ್ಟಿನ ಮೇಲೆ ಟಪಟಪ ಬೀಳುತ್ತಿತ್ತು.

"ನೋಡಿ ನಾಗವೇಣಿಯವರೇ, ಬಯಲಲ್ಲಿ ಸಿಡಿಲಿಗೆ ಈ ವ್ಯಾನ್ ಒಂದೇ ಸೇಫ್ ಉಂಟು," ಎಂದರು ಶೆಟ್ಟಿ ಅಂಕಲ್. "ಹಟ ಮಾಡುವುದಾದರೆ ನಾನು ಲೀಡರ್ ಎಂತಕ್ಕೆ ಇರುದು?"

"ನೀವು ಹತ್ರಿ. ನಾ ಒಲ್ಲೆ."

ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಹೆದರಿಕೆಯಾದಾಗ ನನಗೆ ಬರುವುದು ಒಂದೇ ವಿದ್ಯೆ. ಬಾಗಿಲಲ್ಲಿ ಬಗ್ಗಿ ನಿಂತು ವಾದ ಮಂಡಿಸಿದೆ. ವಾಹನ ಎಂದರೆ ಏನು ಕಾಕು? ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯುವುದು. ಒಯ್ಯದಿದ್ದರೆ ಅದು ವಾಹನವಲ್ಲ, ತಗಡಿನ ಕೋಣೆ. ಅಪಾ ಮನೆಯಲ್ಲಿ ರಾತ್ರಿ ಮಲಗಿದಿರಿ, ಆಗ ನಿಮ್ಮನ್ನು ಯಾರಾದರೂ ಕರೆದುಕೊಂಡು ಹೋದಂತಾಯಿತೇ? ಇಲ್ಲವಲ್ಲ. ನಿಂತ ವ್ಯಾನ್ ಕೂಡ ಅಷ್ಟೇ. ಚಕ್ರವಿರುವ ಮನೆ.

ಕಾಕು ಇದನ್ನು ಅಳೆದರು. ಸಿಡಿಲೂ ನನ್ನ ಪರವಾಗಿ ಒಂದು ಮಾತು ಸೇರಿಸಿತು.

"ನಿಂತಿದ್ರ ವ್ಯಾನ್ ಅಲ್ಲ. ನಿನ್ನ ಮಾತು ಹೌದಲ್ಲೋ?"

ನನ್ನದೇ ಎಂದೆ. ಹತ್ತಿದರು.

ಒಳಗೆ ಬೆಚ್ಚಗಿತ್ತು, ಹೀಟರ್‌ಗಾಗಿ ಎಂಜಿನ್ ಚಾಲೂ ಇತ್ತು. ಆಲಿಕಲ್ಲಿನ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳದು. ಗಾಜಿನ ಮೇಲೆಲ್ಲ ಉಸಿರಿನ ಹಬೆ. ಶೆಟ್ಟಿ ಅಂಕಲ್ ತಲೆ ಎಣಿಸುತ್ತ ಎಣಿಸುತ್ತ ನಿದ್ದೆ ಹೋದರು. ಕಾಕು, ಚಿನ್ಮಯ ಆಗಲೇ ತೂಕಡಿಸುತ್ತಿದ್ದರು. ನನಗೂ ಕಣ್ಣು ಹತ್ತಿತು.

ಎಬ್ಬಿಸಿದ್ದು ಚಿನ್ಮಯನ ಕೈಗಡಿಯಾರ. ಅದು ಪೀಂ ಎಂದು ಕೂಗಿ, ಇಂಗ್ಲಿಷಿನಲ್ಲಿ ಅವನನ್ನು ಅಭಿನಂದಿಸಿತು. ಸೈಕಲ್ ಸವಾರಿಯಲ್ಲಿ ಇದು ನಿಮ್ಮ ಜೀವಮಾನದ ಅತ್ಯಧಿಕ ವೇಗ.

ಕಾಕು ಕೈಯಿಂದ ಗಾಜು ಒರೆಸಿ ಹೊರಗೆ ನೋಡಿದರು. ಬಯಲು ಹಿಂದಕ್ಕೆ ಓಡುತ್ತಿತ್ತು.

ಅದೇ ದಾರಿ, ಉಲ್ಟಾ

ಯೆರ್ಲಾನ್ ವ್ಯಾನ್ ನಿಲ್ಲಿಸಿ ಹೆಮ್ಮೆಯಿಂದ ಹಿಂದಿರುಗಿ ನೋಡಿದ. ಬಸ್ ಸ್ಟಾಪಿನ ತಗ್ಗಿನಲ್ಲಿ ನೀರು ಏರುತ್ತಿತ್ತಂತೆ. ಅತಿಥಿಗಳು ಸುಖವಾಗಿ ಮಲಗಿದ್ದರು, ಹಾಗಾಗಿ ಮೋಡವನ್ನು ಹಿಂದೆ ಹಾಕಿ ಇಷ್ಟು ದೂರ ತಂದಿದ್ದೇನೆ ಎಂದು ಅವನ ಫೋನು ಗಂಭೀರವಾಗಿ ವರದಿ ಮಾಡಿತು. ನಿಮಗೆ ಕಷ್ಟವಾಗಲು ಬಿಡಲಿಲ್ಲ.

ಕಾಕು ಇಳಿದು ಹಿಂಬದಿಗೆ ಹೋಗಿ ತಮ್ಮ ಸೈಕಲ್ಲಿನ ಪಟ್ಟಿ ಬಿಚ್ಚತೊಡಗಿದರು. ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ಸುಲಭವಿತ್ತು. ಬಸ್ ಸ್ಟಾಪಿಗೆ ವಾಪಸು ಹೋಗಿ ಅಲ್ಲಿಂದ ತುಳಿದು ಬರುತ್ತೇನೆ, ನೀವು ಇಲ್ಲೇ ಚಹಾ ಕುಡಿಯಿರಿ ಎಂದರು, ಮಾರ್ಕೆಟ್ಟಿಗೆ ಹೋಗಿ ಕೊತ್ತಂಬರಿ ತರುತ್ತೇನೆ ಎನ್ನುವ ಹಾಗೆ.

ಚಿನ್ಮಯ ಓಡಿಬಂದು, ಆಪ್‌ನಲ್ಲಿ ಅಷ್ಟು ತುಂಡನ್ನು ಎಡಿಟ್ ಮಾಡಿಕೊಡುತ್ತೇನೆ ಬಿಡಿ ಆಂಟಿ, ನೀವೇ ತುಳಿದ ಹಾಗೆ ಕಾಣುತ್ತೆ ಎಂದ. ಕಾಕು ಅವನನ್ನು ನೋಡಿದ ನೋಟದಲ್ಲಿ ಸಿಟ್ಟಿಗಿಂತ ಕನಿಕರ ಹೆಚ್ಚಿತ್ತು.

ನಾನು ಮೂರು ಅಂಶ ಮುಂದಿಟ್ಟೆ. ಒಂದು, ಸರೋವರಕ್ಕೆ ಇದು ಗೊತ್ತಾಗುವುದಿಲ್ಲ. ಎರಡು, ನಿಮ್ಮ ಒಪ್ಪಿಗೆಯಿಲ್ಲದೆ ಆದ ಪ್ರಯಾಣ ನಿಮ್ಮ ಲೆಕ್ಕಕ್ಕೆ ಸೇರುವುದಿಲ್ಲ. ಮೂರು, ಅಷ್ಟೂ ಬೇಕೆಂದರೆ ನಾಳೆ ಸರೋವರದ ದಂಡೆಯಲ್ಲಿ ಅಷ್ಟೇ ದೂರ ಸುತ್ತು ಹಾಕಿಬಿಡಿ. ಮುಂದೆ ಹೋಗಬೇಕಾದವರು ಹಿಂದೆ ಹೋಗುವುದರಲ್ಲಿ ಏನು ಅರ್ಥವಿದೆ?

ಕಾಕು ಪಟ್ಟಿ ಬಿಚ್ಚುವುದನ್ನು ನಿಲ್ಲಿಸಿದರು.

"ದಿನಾ ಮುಂಜಾನೆ ನೀ ಆಫೀಸಿಗೆ ಹ್ಯಾಂಗ ಹೋಗ್ತಿ?"

ಇಲ್ಲಿ ಹೊರಗಿನ ಓದುಗರಿಗೆ ಒಂದು ವಿಷಯ ಹೇಳಬೇಕು. ಡೊಂಬಿವಲಿಯಿಂದ ನಾನು ಠಾಣೆ ಕಡೆಗೆ ಹೋಗಬೇಕು. ಆದರೆ ಬೆಳಿಗ್ಗೆ ಆ ಕಡೆಯ ಗಾಡಿ ಡೊಂಬಿವಲಿಗೆ ಬರುವಾಗ ಅದರಲ್ಲಿ ಕೂರುವುದಿರಲಿ, ಒಂದು ಕಾಲೂರಲೂ ಜಾಗವಿರುವುದಿಲ್ಲ. ಆದ್ದರಿಂದ ನಾವೆಲ್ಲ ಮೊದಲು ವಿರುದ್ಧ ದಿಕ್ಕಿನ ಗಾಡಿ ಹತ್ತಿ ಕಲ್ಯಾಣಕ್ಕೆ ಹೋಗುತ್ತೇವೆ. ಅಲ್ಲಿ ಸೀಟು ಹಿಡಿದು, ಅದೇ ದಾರಿಯಲ್ಲಿ ಮತ್ತೆ ಡೊಂಬಿವಲಿಯ ಮೂಲಕವೇ ಹಾದುಹೋಗುತ್ತೇವೆ. ಹೊರಟ ಜಾಗವನ್ನು ಅರ್ಧ ಗಂಟೆಯ ಮೇಲೆ ಮತ್ತೆ ಕಿಟಕಿಯಿಂದ ನೋಡುವುದು ನಮಗೆ ವಿಚಿತ್ರವಲ್ಲ.

"ಒಂದು ಸೀಟಿನ ಸಲುವಾಗಿ ದಿನಾ ಉಲ್ಟಾ ಹೋಗಾಕಿ ನೀ," ಎಂದರು ಕಾಕು, "ನನಗ ಅರ್ಥ ಕೇಳ್ತಿ."

ಶೆಟ್ಟಿ ಅಂಕಲ್ ಬೇರೆ ಕಡೆ ತಿರುಗಿ ಸೀಟಿಯನ್ನು ಒರೆಸಿಕೊಂಡರು. ಅವರ ಹೆಗಲು ಅಲುಗುತ್ತಿತ್ತು.

"ಮತ್ತ ಇನ್ನೊಂದು. ನಿಂತಿದ್ರ ವ್ಯಾನ್ ಅಲ್ಲಂತ ಹೇಳಿದಾಕಿ ನೀ. ಈಗ ಅದು ನಡದೈತಿ. ನೀನೂ ಬಾ."

ಹೋದೆ. ಶೆಟ್ಟಿ ಅಂಕಲ್ ಆಕಾಶವನ್ನು ಮೂಸಿ ನೋಡಿ, ಸಿಡಿಲು ದಾಟಿದೆ ಎಂದು ಅನುಮತಿ ಕೊಟ್ಟರು. ಷರತ್ತು ಒಂದೇ: ವ್ಯಾನ್ ನಮ್ಮ ಜೊತೆಗೇ ಹೋಗಿ ಬರಬೇಕು. ಅವರೂ ಚಿನ್ಮಯನೂ ರಸ್ತೆಬದಿಯಲ್ಲಿ ಚಾಪೆ ಹಾಸಿ ಕೂತರು. ಯೆರ್ಲಾನನಿಗೆ ಏನೂ ತಿಳಿಯಲಿಲ್ಲ. ನಾವೇನೋ ಕಳೆದುಕೊಂಡಿದ್ದೇವೆ ಎಂದುಕೊಂಡು ಸೀಟಿನ ಕೆಳಗೆಲ್ಲ ಹುಡುಕಿದ. ಬಸ್ ಸ್ಟಾಪಿಗೆ ಮರಳಿದ ಮೇಲೆ, ಅಂದರೆ ಎದುರುಗಾಳಿಯಲ್ಲಿ ನಾನು ಮನಸ್ಸಿನಲ್ಲೇ ಇಡೀ ಸೈಕಲ್ ಕುಲವನ್ನು ಶಪಿಸಿ ಮುಗಿಸಿದ ಮೇಲೆ, ಅವನ ಫೋನಿಗೆ ನಿಧಾನವಾಗಿ ಹೇಳಿದೆ: ಏನೂ ಕಳೆದಿಲ್ಲ. ಇವರಿಗೆ ಇಡೀ ದಾರಿಯನ್ನು ತಾವೇ ಬರಬೇಕಂತೆ, ಯಾರೂ ಕರೆದುಕೊಂಡು ಹೋಗಬಾರದಂತೆ.

ಫೋನು ಅದನ್ನು ಕಜಾಕ್‌ನಲ್ಲಿ ಓದಿತು. ಯೆರ್ಲಾನ್ ಕಾಕುವನ್ನು ನೋಡಿದ, ವ್ಯಾನನ್ನು ನೋಡಿದ. ಎಂಜಿನ್ ಆರಿಸಿ, ಕೀ ತೆಗೆದು, ಎರಡೂ ಕೈಯಲ್ಲಿ ಕಾಕುವಿನ ಅಂಗೈಗೆ ಇಟ್ಟ. ಇನ್ನು ನಾನು ಅಲುಗುವುದಿಲ್ಲ ಎಂಬಂತೆ. ಕಾಕು ಅದನ್ನು ಗಂಭೀರವಾಗಿ ಬೆನ್ನ ಹಿಂದಿನ ಜೇಬಿಗೆ ಹಾಕಿಕೊಂಡರು, ನೀರು ಕುಡಿದರು, ಸೈಕಲ್ ಹತ್ತಿದರು, ಹೊರಟರು.

ಕೀ ಸಮೇತ.

ನಾವು ಬಹಳ ದೂರ ಬಂದ ಮೇಲೆ ನನ್ನ ಫೋನು ಬಡಿದುಕೊಂಡಿತು. ಹಿಂದಿ ವಾಚಕಿ, ಈ ಸಲ ಸ್ವಲ್ಪ ಏದುಸಿರಿನ ಹಿನ್ನೆಲೆಯಲ್ಲಿ: ಕೃಪೆಯಿಟ್ಟು ಕೀ. ಹಿಂದಿರುಗಿ ನೋಡಿದರೆ ರಸ್ತೆಯ ತುದಿಯಲ್ಲಿ ಒಂದು ಸಣ್ಣ ಆಕೃತಿ ಕೈ ಬೀಸುತ್ತ ಓಡುತ್ತಿತ್ತು.

ಮರೆತೇಬಿಟ್ಟೆ ನೋಡು ಎಂದರು ಕಾಕು. ಮೂವತ್ತು ವರ್ಷ ಅಂಗಡಿಯ ಗಲ್ಲಾಪೆಟ್ಟಿಗೆಯ ಕೀಲಿಕೈ ಸೊಂಟದಲ್ಲಿ ಇಟ್ಟುಕೊಂಡವರು, ಒಂದು ದಿನವೂ ಮರೆತವರಲ್ಲ. ಅವರ ಮುಖವನ್ನು ಬಹಳ ಹತ್ತಿರದಿಂದ ಪರೀಕ್ಷಿಸಿದೆ. ಸಾಕ್ಷ್ಯ ಸಿಗಲಿಲ್ಲ. ಕೀಯನ್ನು ನನ್ನ ಕೈಗೆ ಕೊಟ್ಟು, ನೀ ಹುಡುಗಿ ಇದ್ದಿ, ನಿನ್ನ ಮೊಣಕಾಲು ಗಟ್ಟಿ ಅದಾವ ಎಂದು ಹೇಳಿ, ಮುಂದೆ ತುಳಿದರು.

ಹೀಗೆ ಇಡೀ ಪ್ರವಾಸವನ್ನು ಅರ್ಥಹೀನ ಎಂದು ಸಾಧಿಸಿದ್ದ ನಾನು ಆ ದಾರಿಯ ಮೇಲೆ ಎರಡು ಸಲ ಉಲ್ಟಾ ತುಳಿದೆ. ಕೀ ತಲುಪಿಸಿದ ಮೇಲೆ ಮಾತ್ರ ನಾಚಿಕೆಯಿಲ್ಲದೆ ಸೈಕಲ್ಲನ್ನು ವ್ಯಾನಿಗೆ ಹಾಕಿ, ಕಾಕಾ ಕೊಟ್ಟಿದ್ದ ದಿಂಬು ಕುತ್ತಿಗೆಗೆ ಸಿಕ್ಕಿಸಿ, ಕಿಟಕಿ ಪಕ್ಕ ಕೂತೆ. ಪಣ ಕಾಕುವಿನದು, ನನ್ನದಲ್ಲ.

ಮುಂದೆ ನೋಡಿದಾಗ ಕಾಕು ಒಂದು ಚುಕ್ಕೆ. ಮೋಡ ಹರಿದು ಬಿಸಿಲು ಓರೆಯಾಗಿ ಬಿದ್ದಿತ್ತು, ಒದ್ದೆ ರಸ್ತೆ ಹೊಳೆಯುತ್ತಿತ್ತು. ಆ ಹೊಳಪಿನ ನಡುವೆ ಹಳದಿ ರೇನ್‌ಕೋಟಿನ ಚುಕ್ಕೆ, ಮುಂದೆ ಯಾರೂ ಇಲ್ಲ, ಹಿಂದೆ ಯಾರೂ ಇಲ್ಲ. ಯೆರ್ಲಾನ್ ವೇಗ ಹೆಚ್ಚಿಸಲಿಲ್ಲ. ಚುಕ್ಕೆ ಸ್ವಲ್ಪ ದೊಡ್ಡದಾಗುತ್ತಿದೆ ಅನಿಸಿದಾಗಲೆಲ್ಲ ಅವನು ವ್ಯಾನ್ ನಿಲ್ಲಿಸಿಬಿಡುತ್ತಿದ್ದ. ನಾನು ಹೇಳಿರಲಿಲ್ಲ.

ಬಾಲ್ಖಶ್

ಬಾಲ್ಖಶ್ ಅರ್ಧ ಸಿಹಿನೀರು, ಅರ್ಧ ಉಪ್ಪುನೀರು. ಪರ ವಿರೋಧ ಎರಡನ್ನೂ ಒಂದೇ ಒಡಲಲ್ಲಿ ಇಟ್ಟುಕೊಂಡ ಸರೋವರವೆಂದು ನನಗೆ ಅದರ ಮೇಲೆ ಗೌರವ ಮೂಡಿತು. ಕಾಕು ಸೈಕಲ್ಲನ್ನು ನೇರ ನೀರಿಗೆ ಇಳಿಸಿ, ಮುಂದಿನ ಚಕ್ರ ಮುಳುಗಿದ ಮೇಲೆ ನಿಲ್ಲಿಸಿದರು. ಶೆಟ್ಟಿ ಅಂಕಲ್ ತುಕ್ಕು ಹಿಡಿಯುತ್ತದೆ ಎಂದು ಸೀಟಿ ಊದಿದರು. ಯಾರೂ ಕೇಳಲಿಲ್ಲ.

ಅಷ್ಟರಲ್ಲಿ ಕಲ್ಯಾಣದಿಂದ ವಿಡಿಯೊ ಕಾಲ್. ಕಾಕಾ ಅಂಗಡಿಯಲ್ಲಿ ಕೂತಿದ್ದರು, ಹಿಂದೆ ಪೈಠಣಿ ಸೀರೆಗಳ ಗೋಡೆ. ಊಟ ಆಯಿತೇ, ಚಳಿ ಇದೆಯೇ ಎಲ್ಲ ವಿಚಾರಿಸಿದ ಮೇಲೆ ಕೇಳಿದರು, ವ್ಯಾನಿನಲ್ಲಿ ಆರಾಮ ಇತ್ತಿಲ್ಲೋ?

ಇಂಥ ಅವಕಾಶಕ್ಕಾಗಿ ವಾದಿಗಳು ವರ್ಷಗಟ್ಟಲೆ ಕಾಯುತ್ತಾರೆ.

"ಹೂಂ, ಆರಾಮಿತ್ತು," ಎಂದು ಕಾಕು ಫೋನ್ ಇಟ್ಟರು.

ನನಗೆ ತಡೆಯಲಾಗಲಿಲ್ಲ. ಅಷ್ಟು ತುಳಿದು, ಹಿಂದೆ ಹೋಗಿ, ಮತ್ತೆ ತುಳಿದು, ಕೊನೆಗೆ ಆರಾಮಿತ್ತು ಅನ್ನುವುದೇ? ಯಾಕೆ ಹೇಳಲಿಲ್ಲ?

ಕಾಕು ಬೂಟು ಬಿಚ್ಚಿ ಕಾಲನ್ನು ನೀರಿಗೆ ಬಿಟ್ಟರು.

"ಹೇಳಿದ್ರ ಮುಂದಿನ ಸಲ ಅವರೂ ಬರ್ತೀನಿ ಅಂತಾರ. ಬಂದ್ರ ಮತ್ತ ನನ್ನ ಕರ್ಕೊಂಡs ಹೋಗ್ತಾರ. ಭಾಳ ಒಳ್ಳೇ ಮನುಷ್ಯಾ, ಸುಮ್ಮನ ಕುಂದ್ರೂದಿಲ್ಲ."

ಆಮೇಲೆ ನಾನು, ಇದನ್ನೆಲ್ಲ ಬರೆಯಲೇ ಎಂದು ಕೇಳಿದೆ. ಕಾಕು ಕಾಲಾಡಿಸುತ್ತ ಯೋಚಿಸಿದರು. ಅವರ ಮಕ್ಕಳು ಓದುವುದು ಇಂಗ್ಲಿಷು. ಕಾಕಾ ಮೂರು ತಲೆಮಾರಿನಿಂದ ಕಲ್ಯಾಣದವರು. ಮನೆಯಲ್ಲಿ ಕನ್ನಡ ಮಾತಾಡಿದರೂ ಓದುವುದೆಲ್ಲ ಮರಾಠಿ.

"ಬರಿ," ಎಂದರು. "ಆದ್ರ ಕನ್ನಡದಾಗs ಬರಿ. ನಮ್ಮ ಮನ್ಯಾಗ ಅದನ್ನ ಓದಾಕಿ ನಾ ಒಬ್ಬಾಕಿನs ಇದ್ದೀನಿ."